ಕನ್ಸೋಲಿನಲ್ಲಿ ಕನ್ನಡ ಮೂಡದಿದ್ದಾಗ: ಮೊದಲು ಎಣಿಸಿ, ಆಮೇಲೆ ಸರಿಪಡಿಸಿ

ಒಂದೇ ಸಾಲಿನ ಪ್ರೋಗ್ರಾಮ್ ಬರೆಯುತ್ತೀರಿ. "ಕನ್ನಡ" ಎಂಬ ಪದವನ್ನು ತೆರೆಯ ಮೇಲೆ ಮುದ್ರಿಸಬೇಕು, ಅಷ್ಟೇ. ಎಡಿಟರಿನಲ್ಲಿ ಪದ ಚೆನ್ನಾಗಿಯೇ ಕಾಣುತ್ತಿದೆ. ಕಂಪೈಲ್ ಆಯಿತು, ದೋಷದ ಸಂದೇಶವೂ ಬರಲಿಲ್ಲ. ಓಡಿಸಿದರೆ ಕನ್ಸೋಲ್ ಎಂಬ ಆ ಕಪ್ಪು ಕಿಟಕಿಯಲ್ಲಿ ಐದು ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಇಲ್ಲವೇ ಸಾಲಾಗಿ ಖಾಲಿ ಡಬ್ಬಿಗಳು. ಇಲ್ಲವೇ ಎಲ್ಲಿಂದಲೋ ಬಂದ ಹದಿನೈದು ಗುರುತುಗಳು.

ಹೆಚ್ಚಿನವರು ಇಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬದಲಿಸಿ ನೋಡುತ್ತಾರೆ: ಫಾಂಟ್, ಕೋಡ್ ಪೇಜ್ (ಯಾವ ಬೈಟಿಗೆ ಯಾವ ಅಕ್ಷರ ಎಂದು ಹೇಳುವ ಪಟ್ಟಿ), ಕಂಪೈಲರಿನ ಆಯ್ಕೆ. ನಾನೂ ಒಮ್ಮೆ ಹೆಸರುಗಳ ಪಟ್ಟಿ ಮುದ್ರಿಸುವ ಪ್ರೋಗ್ರಾಮಿಗಾಗಿ ಎರಡು ಸಂಜೆ ಫಾಂಟುಗಳನ್ನೇ ಬದಲಿಸುತ್ತಾ ಕುಳಿತಿದ್ದೆ. ಅಕ್ಷರಗಳು ಕನ್ಸೋಲಿಗೆ ಬರುವ ಮೊದಲೇ ಪ್ರೋಗ್ರಾಮಿನ ಒಳಗೆ ಅಳಿದು ಹೋಗಿದ್ದವು. ಅಂದಿನಿಂದ ನನ್ನ ಕ್ರಮ ಬದಲಾಯಿತು. ತೆರೆಯ ಮೇಲೆ ಏನು ಕೆಟ್ಟಿದೆ, ಎಷ್ಟು ಕೆಟ್ಟಿದೆ ಎಂದು ಎಣಿಸುತ್ತೇನೆ. ಎಣಿಕೆಯೇ ಮುಕ್ಕಾಲು ಪಾಲು ಉತ್ತರ ಕೊಡುತ್ತದೆ.

ಒಂದು ಸೂಚನೆ: ಆದೇಶಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಿ.

ಮೊದಲ ಹೆಜ್ಜೆ: ಎಣಿಕೆ

"ಕನ್ನಡ" ಕಣ್ಣಿಗೆ ಮೂರು ಅಕ್ಷರ: ಕ, ನ್ನ, ಡ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನ ಲೆಕ್ಕದಲ್ಲಿ ಅದು ಐದು ಸಂಕೇತ: ಕ, ನ, ಹಲಂತ, ಇನ್ನೊಂದು ನ, ಡ. ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಕ್ರಮವೇ ಎನ್‌ಕೋಡಿಂಗ್. ಅಂಥ ಒಂದು ಕ್ರಮವಾದ ಯುಟಿಎಫ್-8ರಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು, ಆದ್ದರಿಂದ ಒಟ್ಟು 15 ಬೈಟ್. ಮೂರು, ಐದು, ಹದಿನೈದು. ಈ ಮೂರು ಸಂಖ್ಯೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತೆರೆಯನ್ನು ನೋಡಿ.

ಐದು ಪ್ರಶ್ನಾರ್ಥಕ ಚಿಹ್ನೆ ಬಂದರೆ ಯಾರೋ ಐದು ಸಂಕೇತಗಳನ್ನು ಸರಿಯಾಗಿಯೇ ಗುರುತಿಸಿ, ಅವನ್ನು ಕನ್ನಡವೇ ಇಲ್ಲದ ಎನ್‌ಕೋಡಿಂಗಿಗೆ ಬದಲಿಸಲು ಹೋಗಿ, ಜಾಗ ಸಿಗದೆ ಒಂದೊಂದಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಇದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ, ಏಕೆಂದರೆ ಇಲ್ಲಿ ಮಾಹಿತಿಯೇ ನಾಶವಾಗಿದೆ. ಇದನ್ನು ಫಾಂಟ್ ಬದಲಿಸಿ ಮರಳಿ ಪಡೆಯಲಾಗದು. ಈ ಪಠ್ಯ ಕಡತಕ್ಕೋ ಡೇಟಾಬೇಸಿಗೋ ಹೋಗಿ ಕುಳಿತಿದ್ದರೆ ಮೂಲ ಪ್ರತಿಯನ್ನೇ ಹುಡುಕಬೇಕು.

ಹದಿನೈದು ವಿಚಿತ್ರ ಗುರುತು ಬಂದರೆ ಸಮಾಧಾನ ಪಡಿ. ಬೈಟುಗಳು ಕ್ಷೇಮವಾಗಿವೆ, ಓದುವವನು, ಅಂದರೆ ಕನ್ಸೋಲ್, ತಪ್ಪಾಗಿ ಓದುತ್ತಿದ್ದಾನೆ. ಕ ಅಕ್ಷರದ ಬೈಟುಗಳು 224, 178, 149. ವಿಂಡೋಸಿನ ಹಳೆಯ 437ನೇ ಕೋಡ್ ಪೇಜಿನಲ್ಲಿ 224 ಎಂದರೆ ಗ್ರೀಕ್ ಆಲ್ಫಾ, 178 ಎಂದರೆ ದಟ್ಟ ಚುಕ್ಕೆಗಳ ಚೌಕ, 149 ಎಂದರೆ ತಲೆಯ ಮೇಲೆ ಓರೆ ಗೆರೆಯಿರುವ ಸಣ್ಣ ಓ. 1252ನೇ ಕೋಡ್ ಪೇಜಿನಲ್ಲಾದರೆ ಅದೇ 224 ಗೆರೆ ಹೊತ್ತ ಸಣ್ಣ ಎ, 178 ಮೇಲಕ್ಕೆ ಏರಿಸಿದ ಪುಟ್ಟ ಎರಡು. ಕನ್ನಡದ ಎಲ್ಲ ಸಂಕೇತಗಳೂ 224ರಿಂದಲೇ ಶುರುವಾಗುತ್ತವೆ, ಎರಡನೆಯ ಬೈಟ್ 178 ಅಥವಾ 179. ಹಾಗಾಗಿ ಕೆಟ್ಟ ಕನ್ನಡಕ್ಕೆ ಒಂದು ಲಯವಿರುತ್ತದೆ: ಆಲ್ಫಾ-ಚೌಕ, ಆಲ್ಫಾ-ಚೌಕ, ಅಥವಾ ಎ-ಎರಡು, ಎ-ಎರಡು, ನಡುವೆ ಹಲಂತವೋ ದೀರ್ಘವೋ ಬಂದಲ್ಲಿ ಎ-ಮೂರು. ಈ ಲಯ ಒಮ್ಮೆ ಪರಿಚಯವಾದರೆ ದೂರದಿಂದಲೇ ಕಾಯಿಲೆ ಹೇಳಬಹುದು.

ಡಬ್ಬಿಗಳು ಬಂದರೆ ಎನ್‌ಕೋಡಿಂಗ್ ಸರಿಯಿದೆ, ಆ ಸಂಕೇತಕ್ಕೆ ಚಿತ್ರ ಕೊಡುವ ಫಾಂಟ್ ಸಿಗುತ್ತಿಲ್ಲ. ಖಚಿತಪಡಿಸಿಕೊಳ್ಳಲು ಡಬ್ಬಿಗಳನ್ನು ಕನ್ಸೋಲಿನಿಂದಲೇ ನಕಲು ಮಾಡಿ ಯಾವುದಾದರೂ ಎಡಿಟರಿಗೆ ಅಂಟಿಸಿ. ಅಲ್ಲಿ "ಕನ್ನಡ" ಎಂದು ಕಂಡರೆ ನಿಮ್ಮ ಪ್ರೋಗ್ರಾಮನ್ನು ಮುಟ್ಟಲೇಬೇಡಿ.

ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅದು ಬೇರೆಯೇ. ಓದುವವನು ಯುಟಿಎಫ್-8 ನಿರೀಕ್ಷಿಸುತ್ತಿದ್ದಾನೆ, ಬಂದ ಬೈಟುಗಳು ಯುಟಿಎಫ್-8ರ ನಿಯಮಕ್ಕೆ ಕೂಡುತ್ತಿಲ್ಲ. ಸಾಲಿನ ತುಂಬ ವಜ್ರಗಳಿದ್ದರೆ ಎನ್‌ಕೋಡಿಂಗೇ ತಪ್ಪು. ಉದ್ದದ ಪಠ್ಯದಲ್ಲಿ ಎಲ್ಲೋ ಒಂದೆರಡು ಮಾತ್ರ ಇದ್ದರೆ ಅಕ್ಷರವೊಂದು ಮಧ್ಯದಲ್ಲಿ ತುಂಡಾಗಿದೆ. 4096 ಬೈಟುಗಳ ಕಂತಿನಲ್ಲಿ ಕಡತ ಓದುವ ಪ್ರೋಗ್ರಾಮುಗಳಲ್ಲಿ ಇದು ಸಾಮಾನ್ಯ. 4096 ಮೂರರಿಂದ ಭಾಗವಾಗುವುದಿಲ್ಲ, ಹಾಗಾಗಿ ಬರೀ ಕನ್ನಡವೇ ಇರುವ ಪಠ್ಯದಲ್ಲಿ ಮೊದಲ ಕಂತಿನ ಕೊನೆಯಲ್ಲೇ ಒಂದು ಬೈಟ್ ಒಂಟಿಯಾಗಿ ಉಳಿಯುತ್ತದೆ. ಆ ತುಣುಕನ್ನು ಮುಂದಿನ ಕಂತಿಗೆ ಸೇರಿಸಿ ಓದಿಸಬೇಕು. ಭಾಷೆಯೇ ಕೊಡುವ ಪಠ್ಯ ಓದುವ ಸೌಲಭ್ಯ ಬಳಸಿದರೆ ಈ ಕೆಲಸ ತಾನಾಗಿ ಆಗುತ್ತದೆ.

ಎರಡನೆಯ ಹೆಜ್ಜೆ: ಬೈಟುಗಳನ್ನೇ ನೋಡಿ

ತೆರೆಯನ್ನು ನಂಬದೆ ಪ್ರೋಗ್ರಾಮಿನ ಔಟ್‌ಪುಟ್ಟನ್ನು ಕಡತಕ್ಕೆ ತಿರುಗಿಸಿ ಅದರ ಬೈಟುಗಳನ್ನು ಓದಿ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಓ-ಡಿ ಎಂಬ ಹಳೆಯ ಆದೇಶವಿದೆ. ಅದಕ್ಕೆ "-ಟಿ ಯು1" ಎಂಬ ಆಯ್ಕೆ ಕೊಟ್ಟರೆ ದಶಮಾಂಶದಲ್ಲೇ ತೋರಿಸುತ್ತದೆ. "ಕನ್ನಡ" ಸರಿಯಾಗಿ ಹೊರಬಂದಿದ್ದರೆ ಕಾಣಬೇಕಾದ್ದು ಹೀಗೆ:

224 178 149, 224 178 168, 224 179 141, 224 178 168, 224 178 161

ಇದರ ಬದಲು 63 ಐದು ಸಲ ಕಂಡರೆ ಅದು ಪ್ರಶ್ನಾರ್ಥಕ ಚಿಹ್ನೆಯ ಸಂಖ್ಯೆ. ತಪ್ಪು ಪ್ರೋಗ್ರಾಮಿನೊಳಗೇ ಇದೆ, ಅಥವಾ ನಡುವಿನ ಶೆಲ್ಲಿನಲ್ಲಿ, ಅಂದರೆ ನಿಮ್ಮ ಆದೇಶಗಳನ್ನು ಓಡಿಸುವ ಪ್ರೋಗ್ರಾಮಿನಲ್ಲಿ. 149, 12, 168, 12 ಎಂದು ಜೋಡಿಜೋಡಿಯಾಗಿ ಬಂದರೆ ಅದು ಯುಟಿಎಫ್-16, ಪ್ರತಿ ಕನ್ನಡ ಸಂಕೇತಕ್ಕೂ ಎರಡು ಬೈಟ್ ಬಳಸುವ ಇನ್ನೊಂದು ಎನ್‌ಕೋಡಿಂಗ್. ಕ ಅಕ್ಷರದ ಸಂಕೇತ ಸಂಖ್ಯೆ 3221, ಅಂದರೆ 256ರ ಹನ್ನೆರಡು ಪಟ್ಟಿಗೆ 149 ಸೇರಿಸಿದ್ದು.

ವಿಂಡೋಸಿನಲ್ಲಿ ಈ ಪರೀಕ್ಷೆ ಮಾಡುವಾಗ ಎಚ್ಚರ ಬೇಕು. ವಿಂಡೋಸಿನ ಜೊತೆಗೇ ಬರುವ ಪವರ್‌ಶೆಲ್ 5.1 "ಗಿಂತ ದೊಡ್ಡದು" ಚಿಹ್ನೆಯಿಂದ ಕಡತಕ್ಕೆ ತಿರುಗಿಸಿದಾಗ ಬೈಟುಗಳನ್ನು ಇದ್ದ ಹಾಗೆ ಬರೆಯುವುದಿಲ್ಲ. ತಾನೇ ಓದಿ, ಯುಟಿಎಫ್-16ಕ್ಕೆ ಬದಲಿಸಿ ಬರೆಯುತ್ತದೆ. ಅದೇ ಪವರ್‌ಶೆಲ್ ಪಠ್ಯವನ್ನು ಪೈಪ್ ಮೂಲಕ ಇನ್ನೊಂದು ಪ್ರೋಗ್ರಾಮಿಗೆ ಕೊಡುವಾಗ ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿ ಎನ್‌ಕೋಡಿಂಗಿಗೆ ಇಳಿಸುತ್ತದೆ. ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುವುದು ಅಲ್ಲೇ. ಡಾಲರ್ ಚಿಹ್ನೆಯ ಮುಂದಿನ ಔಟ್‌ಪುಟ್‌ಎನ್‌ಕೋಡಿಂಗ್ ಎಂಬ ಚರಕ್ಕೆ ಯುಟಿಎಫ್-8 ಕೊಟ್ಟರೆ ಇದು ನಿಲ್ಲುತ್ತದೆ. ಪರೀಕ್ಷೆಗೆ ಮಾತ್ರ ಹಳೆಯ ಸಿಎಂಡಿ ಕಿಟಕಿಯೇ ವಾಸಿ, ಅದು ಬೈಟುಗಳನ್ನು ಮುಟ್ಟುವುದಿಲ್ಲ.

ಮೂರನೆಯ ಹೆಜ್ಜೆ: ಮೂಲ ಕಡತವೋ, ಔಟ್‌ಪುಟ್ಟೋ?

ಬೈಟುಗಳು ತಪ್ಪಾಗಿವೆ ಎಂದು ತಿಳಿದರೆ ಮುಂದಿನ ಪ್ರಶ್ನೆ ಅವು ಎಲ್ಲಿ ಕೆಟ್ಟವು ಎಂಬುದು. ಪ್ರೋಗ್ರಾಮಿನಲ್ಲಿ "ಕ" ಎಂದು ಟೈಪ್ ಮಾಡುವ ಬದಲು ಸಂಖ್ಯೆಯಿಂದಲೇ ಅದನ್ನು ಕಟ್ಟಿ. ಪೈಥಾನಿನಲ್ಲಿ ಸಿಎಚ್‌ಆರ್ ಫಂಕ್ಷನ್ನಿಗೆ 3221 ಕೊಟ್ಟು ಮುದ್ರಿಸಿ. ಸಿ ಭಾಷೆಯಲ್ಲಿ ಮೂರು ಬೈಟುಗಳನ್ನು ಒಂದು ಅರೇಯಲ್ಲಿಟ್ಟು ಹೊರಗೆ ಕಳಿಸಿ. ಹೀಗೆ ಮಾಡಿದಾಗ ಸರಿ ಬಂದು, ನೇರವಾಗಿ ಟೈಪ್ ಮಾಡಿದ್ದು ಕೆಟ್ಟರೆ, ಕಂಪೈಲರ್ ನಿಮ್ಮ ಮೂಲ ಕಡತವನ್ನು ತಪ್ಪಾಗಿ ಓದುತ್ತಿದೆ.

ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರುಗಳು ಮೂಲ ಕಡತ ಯುಟಿಎಫ್-8 ಎಂದೇ ಭಾವಿಸುತ್ತವೆ, ಅಲ್ಲಿ ತೊಂದರೆ ಅಪರೂಪ. ಮೈಕ್ರೋಸಾಫ್ಟಿನ ಸಿ++ ಕಂಪೈಲರ್ ಹಾಗಲ್ಲ. ಕಡತದ ಆರಂಭದಲ್ಲಿ ಬೈಟ್ ಕ್ರಮದ ಗುರುತು, ಅಂದರೆ ಬಾಮ್, ಇದ್ದರೆ ಕನ್ನಡವನ್ನು ಸರಿಯಾಗಿ ಓದುತ್ತದೆ. ಆಮೇಲೆ ಸಾದಾ ಸ್ಟ್ರಿಂಗನ್ನು ಸಿಸ್ಟಮ್ಮಿನ ಕೋಡ್ ಪೇಜಿಗೆ ಬದಲಿಸಲು ಹೋಗಿ, ಅಲ್ಲಿ ಕನ್ನಡ ಇಲ್ಲದ್ದರಿಂದ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ಆಗ ಸಿ4566 ಎಂಬ ಎಚ್ಚರಿಕೆಯನ್ನೂ ಕೊಡುತ್ತದೆ, ನಾವು ಓದುವುದಿಲ್ಲ. ಓರೆಗೆರೆಯ ಮುಂದೆ ಯುಟಿಎಫ್-8 ಎಂಬ ಆಯ್ಕೆಯನ್ನು ಕಂಪೈಲರಿಗೆ ಕೊಡಿ. ವಿಷುಯಲ್ ಸ್ಟುಡಿಯೋ 2015ರ ಎರಡನೆಯ ಅಪ್‌ಡೇಟಿನಿಂದ ಇದು ಇದೆ. ಓದುವುದೂ ಬರೆಯುವುದೂ ಎರಡೂ ಯುಟಿಎಫ್-8 ಆಗುತ್ತವೆ.

ನಾಲ್ಕನೆಯ ಹೆಜ್ಜೆ: ವಿಂಡೋಸ್ ಕನ್ಸೋಲನ್ನು ಒಪ್ಪಿಸುವುದು

ಬೈಟುಗಳು ಸರಿಯಿದ್ದೂ ಆಲ್ಫಾ-ಚೌಕದ ಸಾಲು ಬರುತ್ತಿದ್ದರೆ ಕನ್ಸೋಲಿಗೆ "ಇದು ಯುಟಿಎಫ್-8" ಎಂದು ಹೇಳಬೇಕು. ಕೈಯಿಂದ ಮಾಡುವುದಾದರೆ ಸಿಎಚ್‌ಸಿಪಿ ಎಂದು ಬರೆದು ಒಂದು ಜಾಗ ಬಿಟ್ಟು 65001 ಹಾಕಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ ನಿಮ್ಮ ಪ್ರೋಗ್ರಾಮ್ ಬಳಸುವ ಪ್ರತಿಯೊಬ್ಬರೂ ಮೊದಲು ಇದನ್ನು ಟೈಪ್ ಮಾಡಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಆ ಹೊಣೆ ಪ್ರೋಗ್ರಾಮಿನದು.

ಸಿ, ಸಿ++ನಲ್ಲಿ ಮೇನ್ ಫಂಕ್ಷನ್ನಿನ ಆರಂಭದಲ್ಲೇ ಸೆಟ್‌ಕನ್ಸೋಲ್‌ಔಟ್‌ಪುಟ್‌ಸಿಪಿ ಎಂಬ ಫಂಕ್ಷನ್ನಿಗೆ 65001 ಕೊಡಿ. ಕೋಡ್ ಪೇಜ್ ಆ ಕನ್ಸೋಲ್ ಕಿಟಕಿಯ ಗುಣವೇ ಹೊರತು ನಿಮ್ಮ ಪ್ರೋಗ್ರಾಮಿನದಲ್ಲ, ಪ್ರೋಗ್ರಾಮ್ ಮುಗಿದ ಮೇಲೂ ಅದು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಮೊದಲು ಗೆಟ್‌ಕನ್ಸೋಲ್‌ಔಟ್‌ಪುಟ್‌ಸಿಪಿ ಕರೆದು ಹಳೆಯ ಸಂಖ್ಯೆಯನ್ನು ಎತ್ತಿಟ್ಟುಕೊಳ್ಳಿ, ಹೊರಡುವಾಗ ಮರಳಿ ಹಾಕಿ. ಇನ್ನೊಬ್ಬರ ಕಿಟಕಿಯಲ್ಲಿ ಕೆಲಸ ಮಾಡುವಾಗ ಇದು ಕನಿಷ್ಠ ಮರ್ಯಾದೆ.

ಇನ್ನೊಂದು ದಾರಿ ರೈಟ್‌ಕನ್ಸೋಲ್‌ಡಬ್ಲ್ಯು. ಇದು ಕೋಡ್ ಪೇಜನ್ನು ಕೇಳುವುದೇ ಇಲ್ಲ, ಯುಟಿಎಫ್-16 ಪಠ್ಯವನ್ನು ನೇರ ಕನ್ಸೋಲಿಗೆ ಕೊಡುತ್ತದೆ. ಆದರೆ ಔಟ್‌ಪುಟ್ ಕಡತಕ್ಕೋ ಪೈಪಿಗೋ ತಿರುಗಿದ್ದರೆ ಈ ಫಂಕ್ಷನ್ ವಿಫಲವಾಗುತ್ತದೆ. ಹಾಗಾಗಿ ಎದುರಿಗಿರುವುದು ನಿಜವಾಗಿ ಕನ್ಸೋಲೇ ಎಂದು ಮೊದಲು ಪರೀಕ್ಷಿಸಿ, ಅಲ್ಲದಿದ್ದರೆ ಯುಟಿಎಫ್-8 ಬೈಟುಗಳನ್ನು ಬರೆಯಬೇಕು. ಸಣ್ಣ ಪ್ರೋಗ್ರಾಮಿಗೆ ಇಷ್ಟೆಲ್ಲ ಬೇಡ, ಮೊದಲ ದಾರಿಯೇ ನನಗೆ ಇಷ್ಟ.

ವಿಂಡೋಸ್ 10ರ 1903ನೇ ಆವೃತ್ತಿಯಿಂದ, ಪ್ರೋಗ್ರಾಮಿನ ವಿವರಗಳನ್ನು ವಿಂಡೋಸಿಗೆ ಹೇಳುವ ಮ್ಯಾನಿಫೆಸ್ಟ್ ಕಡತದಲ್ಲಿ ಆಕ್ಟಿವ್‌ಕೋಡ್‌ಪೇಜ್ ಎಂದು ಬರೆದು ಇಡೀ ಪ್ರೋಗ್ರಾಮಿನ ಕೋಡ್ ಪೇಜನ್ನೇ ಯುಟಿಎಫ್-8 ಮಾಡಬಹುದು. ಕಡತಗಳ ಹೆಸರು, ಆದೇಶದ ಸಾಲಿನ ಆರ್ಗ್ಯುಮೆಂಟುಗಳಿಗೆ ಇದು ಬಹಳ ಉಪಯೋಗ. ಕನ್ಸೋಲಿನ ಔಟ್‌ಪುಟ್ ಕೋಡ್ ಪೇಜನ್ನು ಮಾತ್ರ ಆಗಲೂ ಬೇರೆಯಾಗಿ ಹೇಳಬೇಕು.

ಉಳಿದ ಭಾಷೆಗಳಲ್ಲಿ ಕೆಲಸ ಸುಲಭ. ಸಿ-ಶಾರ್ಪಿನಲ್ಲಿ ಕನ್ಸೋಲ್ ವರ್ಗದ ಔಟ್‌ಪುಟ್‌ಎನ್‌ಕೋಡಿಂಗ್ ಗುಣಕ್ಕೆ ಯುಟಿಎಫ್-8 ಕೊಟ್ಟರೆ ಮುಗಿಯಿತು. ಜಾವಾ 18ರಿಂದ ಪೂರ್ವನಿಯೋಜಿತ ಎನ್‌ಕೋಡಿಂಗ್ ಯುಟಿಎಫ್-8 ಆಗಿದೆ, ಆದರೆ ಸಿಸ್ಟಮ್ ಔಟ್ ಇನ್ನೂ ಕನ್ಸೋಲಿನ ಎನ್‌ಕೋಡಿಂಗನ್ನೇ ಅನುಸರಿಸುತ್ತದೆ. 19ರಿಂದ ಎಸ್‌ಟಿಡಿಔಟ್ ಚುಕ್ಕೆ ಎನ್‌ಕೋಡಿಂಗ್ ಎಂಬ ಆಯ್ಕೆಯಿಂದ ಅದನ್ನು ಬದಲಿಸಬಹುದು.

ಪೈಥಾನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಲ್ಲಿ ಮೋಸ ಹೋಗುವುದು ಸುಲಭ. 3.6ರಿಂದ ವಿಂಡೋಸ್ ಕನ್ಸೋಲಿಗೆ ಬರೆಯುವಾಗ ಅದು ಕೋಡ್ ಪೇಜನ್ನು ಲೆಕ್ಕಿಸುವುದಿಲ್ಲ, ಕನ್ನಡ ಸರಿಯಾಗಿ ಬರುತ್ತದೆ. ನೀವು ಖುಷಿಯಿಂದ ಅದೇ ಔಟ್‌ಪುಟ್ಟನ್ನು ಕಡತಕ್ಕೆ ತಿರುಗಿಸುತ್ತೀರಿ, ಯುನಿಕೋಡ್‌ಎನ್‌ಕೋಡ್‌ಎರರ್ ಎಂದು ಪ್ರೋಗ್ರಾಮ್ ನಿಲ್ಲುತ್ತದೆ. ಕಡತ, ಪೈಪುಗಳಿಗೆ ಅದು ಸಿಸ್ಟಮ್ಮಿನ ಹಳೆಯ ಕೋಡ್ ಪೇಜನ್ನೇ ಬಳಸುತ್ತದೆ. ಪೈಥಾನ್‌ಯುಟಿಎಫ್8 ಎಂಬ ಪರಿಸರ ಚರಕ್ಕೆ 1 ಕೊಡಿ, ಅಥವಾ ಪ್ರೋಗ್ರಾಮಿನ ಮೊದಲಲ್ಲೇ ಸಿಸ್ ಮಾಡ್ಯೂಲಿನ ಎಸ್‌ಟಿಡಿಔಟ್ ಮೇಲೆ ರೀಕಾನ್ಫಿಗರ್ ಕರೆದು ಎನ್‌ಕೋಡಿಂಗ್ ಯುಟಿಎಫ್-8 ಎನ್ನಿ. ಎರಡೂ 3.7ರಿಂದ ಇವೆ. ಎರರ್ಸ್ ಎಂಬ ಆಯ್ಕೆಗೆ "ಇಗ್ನೋರ್" ಅಥವಾ "ರೀಪ್ಲೇಸ್" ಕೊಟ್ಟು ದೋಷವನ್ನು ಬಾಯಿ ಮುಚ್ಚಿಸಬೇಡಿ. ದೋಷ ಹೋಗುತ್ತದೆ, ಜೊತೆಗೆ ನಿಮ್ಮ ಪಠ್ಯವೂ ಹೋಗುತ್ತದೆ.

ಲಿನಕ್ಸ್ ಮತ್ತು ಮ್ಯಾಕ್

ಇಲ್ಲಿ ಟರ್ಮಿನಲ್ಲುಗಳು ಬಹುತೇಕ ಯುಟಿಎಫ್-8 ಆಗಿಯೇ ಬರುತ್ತವೆ, ಕೆಡುವುದು ಲೊಕೇಲ್, ಅಂದರೆ ಭಾಷೆ, ಎನ್‌ಕೋಡಿಂಗ್ ಯಾವುದೆಂದು ಪ್ರೋಗ್ರಾಮುಗಳಿಗೆ ಹೇಳುವ ವ್ಯವಸ್ಥೆ. ಲೊಕೇಲ್ ಎಂಬ ಆದೇಶ ಓಡಿಸಿ. ಎಲ್‌ಸಿ ಸಿಟೈಪ್ ಎದುರು ಯುಟಿಎಫ್-8 ಎಂದಿರಬೇಕು. ಬರೀ ಸಿ ಅಥವಾ ಪಾಸಿಕ್ಸ್ ಎಂದಿದ್ದರೆ ಅದೇ ರೋಗ. ಕಂಟೇನರುಗಳಲ್ಲಿ, ದೂರದ ಸರ್ವರುಗಳಲ್ಲಿ, ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸಗಳಲ್ಲಿ ಇದು ಮತ್ತೆ ಮತ್ತೆ ಸಿಗುತ್ತದೆ. ಕಡತಗಳ ಪಟ್ಟಿ ಕೊಡುವ ಗ್ನೂ ಎಲ್‌ಎಸ್ ಆದೇಶ "ಕ" ಎಂಬ ಕಡತದ ಹೆಸರನ್ನು 340, 262, 225 ಎಂದು ಓರೆಗೆರೆಗಳ ನಡುವೆ ತೋರಿಸಿದರೆ ಗಾಬರಿ ಬೇಡ, ಅದು ನಮ್ಮ 224, 178, 149ರ ಅಷ್ಟಮಾನ ರೂಪ. ಲ್ಯಾಂಗ್ ಚರಕ್ಕೆ ಸಿ ಚುಕ್ಕೆ ಯುಟಿಎಫ್-8 ಕೊಟ್ಟರೆ ಸಾಕು. ಕನ್ನಡ ಅಕ್ಷರ ಕಾಣಲು ಕನ್ನಡ ಲೊಕೇಲೇ ಬೇಕೆಂದಿಲ್ಲ. ಲೊಕೇಲ್ ಆದೇಶಕ್ಕೆ "-ಎ" ಸೇರಿಸಿದರೆ ಯಂತ್ರದಲ್ಲಿ ಯಾವ ಯಾವ ಲೊಕೇಲ್ ಇವೆ ಎಂಬ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಕೊಟ್ಟರೆ ಪ್ರಯೋಜನವಿಲ್ಲ.

ಸಿ ಭಾಷೆಯಲ್ಲಿ ಬರೆಯುವವರು ಒಂದನ್ನು ಮರೆಯಬಾರದು. ಪರಿಸರದಲ್ಲಿ ಲೊಕೇಲ್ ಸರಿಯಿದ್ದರೂ ಪ್ರೋಗ್ರಾಮ್ ಶುರುವಾಗುವುದು ಸಿ ಲೊಕೇಲಿನಲ್ಲೇ. ಸೆಟ್‌ಲೊಕೇಲ್ ಫಂಕ್ಷನ್ನಿಗೆ ಎಲ್‌ಸಿ ಆಲ್ ಮತ್ತು ಖಾಲಿ ಸ್ಟ್ರಿಂಗ್ ಕೊಟ್ಟು ಕರೆಯುವವರೆಗೆ ಡಬ್ಲ್ಯುಪ್ರಿಂಟ್‌ಎಫ್ ಕನ್ನಡವನ್ನು ಪ್ರಶ್ನಾರ್ಥಕ ಚಿಹ್ನೆ ಮಾಡುತ್ತದೆ, ಇಲ್ಲವೇ ಸಾಲನ್ನೇ ನುಂಗುತ್ತದೆ. ಸಾದಾ ಪ್ರಿಂಟ್‌ಎಫ್ ಬೈಟುಗಳನ್ನು ದಾಟಿಸುವುದರಿಂದ ಅದಿಲ್ಲದೆಯೂ ನಡೆಯುತ್ತದೆ. ಒಂದೇ ಔಟ್‌ಪುಟ್ಟಿನ ಮೇಲೆ ಎರಡನ್ನೂ ಬೆರೆಸಬೇಡಿ. ಟರ್ಮಿನಲ್ ತೆರೆಯನ್ನು ವಿನ್ಯಾಸ ಮಾಡಲು ಎನ್‌ಕರ್ಸಸ್ ಬಳಸುವವರು ಕೊನೆಯಲ್ಲಿ ಡಬ್ಲ್ಯು ಇರುವ ಎನ್‌ಕರ್ಸಸ್‌ಡಬ್ಲ್ಯು ಗ್ರಂಥಾಲಯವನ್ನೇ ಜೋಡಿಸಬೇಕು.

ಫಾಂಟ್ ಇದೆ, ಆದರೂ ಒತ್ತಕ್ಷರ ಒಡೆದಿದೆ

ಕನ್ನಡದಂಥ ಲಿಪಿಗೆ ನಿಜವಾದ ಕಷ್ಟ ಇಲ್ಲಿಂದ ಶುರು. ಗ್ರೀಕ್, ಸಿರಿಲಿಕ್ ಬರೆಯುವವರ ದಾರಿ ಇಲ್ಲಿಗೆ ಮುಗಿಯುತ್ತದೆ, ಒಂದು ಸಂಕೇತಕ್ಕೆ ಒಂದು ಚಿತ್ರ. ನಮ್ಮದು ಹಾಗಲ್ಲ. ನ, ಹಲಂತ, ನ ಎಂಬ ಮೂರು ಸಂಕೇತಗಳನ್ನು ಕೂಡಿಸಿ ನ್ನ ಎಂಬ ಒಂದು ಆಕಾರ ಮಾಡುವ ಕೆಲಸವನ್ನು ಯಾರಾದರೂ ಮಾಡಬೇಕು. ಅದಕ್ಕೆ ಶೇಪಿಂಗ್ ಎನ್ನುತ್ತಾರೆ. ಕನ್ಸೋಲ್ ಹುಟ್ಟಿದ್ದೇ ಗ್ರಾಫ್ ಹಾಳೆಯಂತೆ: ಸಮಾನ ಅಗಲದ ಮನೆಗಳು, ಮನೆಗೊಂದು ಅಕ್ಷರ. ಸ್ತ್ರೀ ಎಂಬ ಒಂದು ಅಕ್ಷರಕ್ಕೆ ಆರು ಸಂಕೇತ, 18 ಬೈಟ್. ಅದಕ್ಕೆ ಎಷ್ಟು ಮನೆ ಕೊಡಬೇಕು ಎಂಬ ಬಗ್ಗೆ ಟರ್ಮಿನಲ್ಲುಗಳಲ್ಲೇ ಒಮ್ಮತವಿಲ್ಲ.

ವಿಂಡೋಸಿನ ಹಳೆಯ ಕನ್ಸೋಲ್ ಕಿಟಕಿ ಶೇಪಿಂಗ್ ಮಾಡುವುದಿಲ್ಲ, ಒಂದು ಫಾಂಟಿನಲ್ಲಿ ಅಕ್ಷರ ಇಲ್ಲದಿದ್ದರೆ ಇನ್ನೊಂದರಿಂದ ತರುವುದರಲ್ಲೂ ಹಿಂದೆ. ಅಲ್ಲಿ ಹೋರಾಡಬೇಡಿ. 2020ರಲ್ಲಿ ಮೊದಲ ಸ್ಥಿರ ಆವೃತ್ತಿ ಬಂದ ವಿಂಡೋಸ್ ಟರ್ಮಿನಲ್ ಬಳಸಿ. ಅದು ಮುಖ್ಯ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ನಿರ್ಮಲಾ ಯುಐಯಂಥ ಫಾಂಟಿನಿಂದ ಎರವಲು ತರುತ್ತದೆ, ಆದ್ದರಿಂದ ಮುಖ್ಯ ಫಾಂಟ್ ಬದಲಿಸುವ ಅಗತ್ಯವೇ ಬೀಳುವುದಿಲ್ಲ. ಲಿನಕ್ಸಿನಲ್ಲಿ ಇಂಗ್ಲಿಷಿನ ಕೆ ಅಕ್ಷರದಿಂದ ಶುರುವಾಗುವ ಕಾನ್ಸೋಲ್ ಎಂಬ ಟರ್ಮಿನಲ್ ಮತ್ತು ಎಂಎಲ್‌ಟರ್ಮ್ ಭಾರತೀಯ ಲಿಪಿಗಳನ್ನು ಗಮನದಲ್ಲಿಟ್ಟು ಮಾಡಿದ ಕೆಲಸವನ್ನು ಹೊಂದಿವೆ. ಎಕ್ಸ್‌ಟರ್ಮ್ ಬೇಡ. ಗ್ರಾಫಿಕ್ಸ್ ಇಲ್ಲದ ಬರಿಯ ಲಿನಕ್ಸ್ ಕನ್ಸೋಲಂತೂ ಬೇಡವೇ ಬೇಡ, ಅದರ ಫಾಂಟಿಗೆ ಹೆಚ್ಚೆಂದರೆ 512 ಚಿತ್ರಗಳ ಮಿತಿ, ಶೇಪಿಂಗ್ ಇಲ್ಲವೇ ಇಲ್ಲ. ಅಂಥ ಕಡೆ ಓಡಬೇಕಾದ ಪ್ರೋಗ್ರಾಮಿಗೆ ಕನ್ನಡ ಪಠ್ಯವನ್ನು ಕಡತಕ್ಕೆ ಬರೆದು ಕಡತದ ಹೆಸರನ್ನು ತೋರಿಸುವುದೇ ಪ್ರಾಮಾಣಿಕ ಪರಿಹಾರ.

ಕಂಬಗಳ ಸಾಲು ಸೇರದಿದ್ದರೆ

ಪಟ್ಟಿ ಮುದ್ರಿಸುವಾಗ ಹೆಸರಿನ ಮುಂದಿನ ಅಂಕಿಗಳು ಒಂದೊಂದು ಸಾಲಿನಲ್ಲಿ ಒಂದೊಂದು ಕಡೆ ನಿಲ್ಲುತ್ತವೆ. ಸಿ ಭಾಷೆಯ ಪ್ರಿಂಟ್‌ಎಫ್ ಅಗಲವನ್ನು ಬೈಟುಗಳಲ್ಲಿ ಎಣಿಸುತ್ತದೆ, ಪೈಥಾನ್ ಸಂಕೇತಗಳಲ್ಲಿ. ಕಣ್ಣು ಎಣಿಸುವುದು ಇವೆರಡನ್ನೂ ಅಲ್ಲ. ಅಗಲ ಅಂದಾಜಿಸುವ ಗ್ರಂಥಾಲಯಗಳಿವೆ, ಆದರೆ ಅವುಗಳ ಲೆಕ್ಕ ಮತ್ತು ಟರ್ಮಿನಲ್ಲಿನ ಲೆಕ್ಕ ಕನ್ನಡದಲ್ಲಿ ಹೊಂದುತ್ತದೆ ಎಂಬ ಭರವಸೆಯಿಲ್ಲ.

ನಾನು ಬಳಸುವ ದಾರಿ ಲೆಕ್ಕವನ್ನೇ ತಪ್ಪಿಸುವುದು. ಮೊದಲ ಆಯ್ಕೆ: ಕನ್ನಡ ಕಂಬವನ್ನು ಕೊನೆಗೆ ಹಾಕಿ, ಅಂಕಿಗಳು ಮೊದಲು ಬರಲಿ. ಅದಾಗದಿದ್ದರೆ ಹೆಸರು ಬರೆದ ಮೇಲೆ ಖಾಲಿ ಜಾಗ ತುಂಬುವ ಬದಲು ಕರ್ಸರನ್ನು ನೇರವಾಗಿ ಬೇಕಾದ ಕಂಬಕ್ಕೆ ಜಿಗಿಸಿ. ಎಸ್ಕೇಪ್, ಅಂದರೆ 27ನೇ ಅಕ್ಷರ, ಅದರ ನಂತರ ತೆರೆದ ಚೌಕ ಆವರಣ, 30, ದೊಡ್ಡ ಜಿ: ಇಷ್ಟು ಕಳಿಸಿದರೆ ಹೆಸರು ಎಷ್ಟೇ ಅಗಲ ತೆಗೆದುಕೊಂಡಿದ್ದರೂ ಕರ್ಸರ್ 30ನೇ ಕಂಬಕ್ಕೆ ಬರುತ್ತದೆ. ಕಡತಕ್ಕೆ ಬರೆಯುವಾಗ ಈ ಸಂಕೇತಗಳನ್ನು ಬಿಟ್ಟು ಟ್ಯಾಬ್ ಹಾಕಿ.

ಉದ್ದದ ಹೆಸರನ್ನು ಕತ್ತರಿಸುವಾಗಲೂ ಇದೇ ಎಚ್ಚರ ಬೇಕು. ಸ್ತ್ರೀ ಎಂಬುದನ್ನು ಮೂರು ಸಂಕೇತಕ್ಕೆ ಕತ್ತರಿಸಿದರೆ ಸ್ತ ಉಳಿಯುತ್ತದೆ, ಅದು ಬೇರೆಯೇ ಅಕ್ಷರ. ಒಬ್ಬರ ಹೆಸರನ್ನು ಹೀಗೆ ತುಂಡರಿಸಿ ತೋರಿಸುವುದಕ್ಕಿಂತ ಎರಡು ಸಾಲಿನಲ್ಲಿ ಬರೆಯುವುದು ಮೇಲು.

ಒಳಗೆ ಬರುವ ಪಠ್ಯ

ಔಟ್‌ಪುಟ್ ಸರಿಹೋದ ಮೇಲೆ ಬಳಕೆದಾರರಿಂದ ಕನ್ನಡದಲ್ಲಿ ಹೆಸರು ಕೇಳುತ್ತೀರಿ. ವಿಂಡೋಸಿನಲ್ಲಿ ಇನ್‌ಪುಟ್ಟಿನ ಕೋಡ್ ಪೇಜ್ ಬೇರೆಯೇ, ಸೆಟ್‌ಕನ್ಸೋಲ್‌ಸಿಪಿ ಎಂಬ ಇನ್ನೊಂದು ಫಂಕ್ಷನ್ ಅದಕ್ಕೆ. ಆದರೆ ಹಳೆಯ ಆವೃತ್ತಿಗಳಲ್ಲಿ 65001 ಇಟ್ಟು ಬೈಟುಗಳಾಗಿ ಓದಿದರೆ ಆಸ್ಕಿ ಅಲ್ಲದ ಅಕ್ಷರಗಳ ಜಾಗದಲ್ಲಿ ಸೊನ್ನೆಗಳು ಬರುತ್ತಿದ್ದವು. ಆದ್ದರಿಂದ ಕೀಲಿಮಣೆಯಿಂದ ಓದಲು ರೀಡ್‌ಕನ್ಸೋಲ್‌ಡಬ್ಲ್ಯು ಬಳಸಿ, ಬಂದದ್ದನ್ನು ನೀವೇ ಯುಟಿಎಫ್-8ಕ್ಕೆ ಬದಲಿಸಿಕೊಳ್ಳಿ.

ಓದಿದ ಹೆಸರನ್ನು ಪಟ್ಟಿಯಲ್ಲಿ ಹುಡುಕುವ ಮೊದಲು ಇನ್ನೊಂದು ಕೆಲಸ ಬಾಕಿ ಇದೆ. ಕೊ ಎಂಬುದನ್ನು ಕ ಮತ್ತು ಒಂದೇ ಸ್ವರಚಿಹ್ನೆಯಿಂದ, 3274ನೇ ಸಂಕೇತದಿಂದ, ಬರೆಯಬಹುದು. ಅದೇ ಕೊ ಅಕ್ಷರವನ್ನು ಕ, 3270, 3266 ಎಂಬ ಮೂರು ಸಂಕೇತಗಳಿಂದಲೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಬೈಟುಗಳಲ್ಲಿ ಒಂದು ಆರು, ಇನ್ನೊಂದು ಒಂಬತ್ತು. ಹೋಲಿಸಿದರೆ ಸಮವಲ್ಲ ಎಂದೇ ಉತ್ತರ. ಎರಡೂ ಬದಿಯ ಪಠ್ಯವನ್ನು ಎನ್‌ಎಫ್‌ಸಿ ಎಂಬ, ಇಂಥ ಸಂಕೇತಗಳನ್ನು ಕೂಡಿಸಿ ಬರೆಯುವ ಒಂದೇ ರೂಪಕ್ಕೆ ತಂದ ಮೇಲೆ ಹೋಲಿಸಿ.

ಇದೆಲ್ಲ ಆದ ಮೇಲೆ ಪ್ರೋಗ್ರಾಮಿನ ಪರೀಕ್ಷೆಗಳಲ್ಲಿ "ಕನ್ನಡ", "ಸ್ತ್ರೀ", ಎರಡು ಬಗೆಯ "ಕೊ" ಇರುವ ಒಂದು ಸಾಲನ್ನು ಇಟ್ಟುಬಿಡಿ. ಅದನ್ನು ಮೂರು ಬಗೆಯಲ್ಲಿ ಓಡಿಸಿ: ತೆರೆಗೆ, ಕಡತಕ್ಕೆ, ಪೈಪ್ ಮೂಲಕ ಇನ್ನೊಂದು ಪ್ರೋಗ್ರಾಮಿಗೆ. ತೆರೆಯ ಮೇಲಿನದನ್ನು ಕಣ್ಣಿನಿಂದ ನೋಡಿ, ಉಳಿದ ಎರಡರಲ್ಲಿ ಬೈಟುಗಳನ್ನು ಎಣಿಸಿ. ಖಾಲಿ ಜಾಗ, ಅಲ್ಪವಿರಾಮಗಳನ್ನು ಬಿಟ್ಟು 15, 18, 6, 9 ಬರಬೇಕು.